ತೂಗುಹಲಗೆ, ಇಟ್ಟಿಗೆ ಮತ್ತು ಉಚಿತ ಪಾಠ

ಪ್ರಶ್ನೆ: ಏಳನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಅಂತರ್ಜಾಲದಲ್ಲಿ ಉಚಿತ ಸಾಮಗ್ರಿ ರಾಶಿ ಬಿದ್ದಿದೆ, ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. ತರಗತಿಯಲ್ಲಿ ನೆಟ್ ಕೂಡ ನೆಚ್ಚುವಂತಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ನಾನೂ ಸಿಕ್ಕಿದ್ದೆಲ್ಲ ಇಳಿಸಿಕೊಂಡು ಪೆನ್‌ಡ್ರೈವ್ ತುಂಬಿಸಿದವನೇ. ಅರ್ಧಕ್ಕರ್ಧ ತೆರೆದೂ ನೋಡಲಿಲ್ಲ! ಮುಂದಿನ ವಾರದ ಒಂದೇ ಪಾಠ ಹಿಡಿಯಿರಿ. ಮಕ್ಕಳು ಎಡವುವ ಜಾಗಕ್ಕೆ ಮಾತ್ರ ಹುಡುಕಿ.

ವಿಜ್ಞಾನಕ್ಕೆ ನಾನು ಮೊದಲು ಹೋಗುವುದು ‘ಫೆಟ್’ಗೆ; ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಉಚಿತ ಜಾಲತಾಣ ಅದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ಅದರಲ್ಲೊಂದು ತೂಗುಹಲಗೆ (ಸೀಸಾ) ಇದೆ. ನಡುವಿನಿಂದ ಒಂದು ಮೀಟರ್ ದೂರದಲ್ಲಿ 10 ಕಿಲೋ ಇಟ್ಟಿಗೆ ಇಟ್ಟೆ. ‘ಆಚೆ ಕಡೆ 5 ಕಿಲೋದ್ದನ್ನು ಎಲ್ಲಿಡಲಿ?’ ಅಂದೆ. ಹಲಗೆ ಅಲುಗದಂತೆ ಹಿಡಿದ ಆಧಾರ ತೆಗೆಯುವ ಮೊದಲೇ ಎಲ್ಲರ ಊಹೆ ಬೋರ್ಡಿನ ಮೇಲೆ ಬರೆಸಿದೆ. ಬಾಯೇ ಬಿಡದ ಹಿಂದಿನ ಬೆಂಚಿನ ಹುಡುಗಿ ‘ಎರಡು ಮೀಟರ್’ ಅಂದಳು, ಪಕ್ಕದವನು ಒಪ್ಪಲಿಲ್ಲ. ಆ ಜಗಳವೇ ಪಾಠವಾಯಿತು. ಊಹೆ ಬರೆಸದೆ ಸುಮ್ಮನೆ ತೋರಿಸಿದರೆ ಅದು ಬರೀ ಸಿನಿಮಾ. ಇಂಥವನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೆಟ್ ಬೇಕಿಲ್ಲ.

ರೇಖಾಗಣಿತಕ್ಕೆ, ಆಕೃತಿ ಬರೆದು ಎಳೆದಾಡಿ ನೋಡುವ ಉಚಿತ ತಂತ್ರಾಂಶ ಜಿಯೋಜಿಬ್ರಾ ಸಾಕು.

ಇನ್ನೊಂದು: ಉಚಿತ ಅಂದಮಾತ್ರಕ್ಕೆ ತಿದ್ದುವ ಹಕ್ಕು ಸಿಗುವುದಿಲ್ಲ. ಸಾಮಗ್ರಿಯನ್ನು ಹೇಗೆ ಬಳಸಬಹುದೆಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಗುರುತಿನಲ್ಲಿ ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವಂತಿಲ್ಲ; ‘ಬಿವೈ’ ಮಾತ್ರ ಇದ್ದರೆ ಮೂಲದವರ ಹೆಸರು ಹಾಕಿ, ತಿದ್ದಿದ್ದನ್ನೂ ತಿಳಿಸಿ ಹಂಚಬಹುದು. ವಿಡಿಯೊಗಳನ್ನು ಕೊನೆಯವರೆಗೆ ನೀವೇ ನೋಡಿ. ನಾನು ನೋಡದೆ ಹಾಕಿ, ನಡುವೆ ಬಂದ ಜಾಹೀರಾತಿಗೆ ತರಗತಿಯೆದುರು ಕೆಂಪಾಗಿದ್ದೇನೆ.