ನಂದಿ ತಪ್ಪಲಿನ ಊರಿಗೆ ಭಾನುವಾರದ ಭಾರ

ಪ್ರಶ್ನೆ: ನಂದಿಬೆಟ್ಟದ ಬುಡದ ಊರು ನಮ್ಮದು. ವಾರವಿಡೀ ಜನ ದೇವನಹಳ್ಳಿ, ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಭಾನುವಾರ ಬೆಟ್ಟ ಇಳಿದ ಪ್ರವಾಸಿಗರು ಭೋಗನಂದೀಶ್ವರನ ಗುಡಿಗೆ, ತಿಂಡಿಗೆ ಅಂತ ಕಾರುಗಳನ್ನು ರಸ್ತೆಯಲ್ಲೇ ಬಿಡುತ್ತಾರೆ. ಹಾಲಿನ ಗಾಡಿಗೂ ದಾರಿಯಿಲ್ಲ. ಊರಾಚೆ ಒಂದು ಎಕರೆ ಖಾಲಿಯಿದೆ. ಪಾರ್ಕಿಂಗಿಗೆ ಸಾಕೇ?

ಉತ್ತರ: ತಿರುಗುವ ದಾರಿ ಸೇರಿ ಕಾರಿಗೆ ಸುಮಾರು 25 ಚದರ ಮೀಟರ್ ಬೇಕು, ಅಂದರೆ ಗುಂಟೆಗೆ ನಾಲ್ಕು. ಲೆಕ್ಕಕ್ಕೆ ಎಕರೆಗೆ 160. ಸುಣ್ಣದ ಗೆರೆ ಎಳೆಯದಿದ್ದರೆ ಅಡ್ಡಾದಿಡ್ಡಿ ನಿಂತು ಇನ್ನೂ ಬೇಗ ತುಂಬುತ್ತದೆ. ಆದರೆ ರಸ್ತೆ ಕಟ್ಟಿಕೊಳ್ಳುವುದು ಚೀಟಿ ಹರಿಯುವ ಜಾಗದಲ್ಲಿ. ಚಿಲ್ಲರೆ ಕೊಟ್ಟು ಕಳಿಸಲು ಕಾರಿಗೆ 40 ಸೆಕೆಂಡಾದರೆ ಗಂಟೆಗೆ ಒಳಹೋಗುವುದು 90. ಆ ಗಂಟೆಯಲ್ಲಿ 120 ಬಂದರೆ 30 ಕಾರು ಹೊರಗುಳಿದವು. ಕಾರಿಗೆ ಆರು ಮೀಟರಿನಂತೆ 180 ಮೀಟರ್ ಸಾಲು ಮತ್ತೆ ಅದೇ ರಸ್ತೆಯಲ್ಲಿ! ಬಾಗಿಲಲ್ಲಿ ಯಾರನ್ನೂ ತಡೆಯಬೇಡಿ. ಕಾರು ನಿಂತ ಮೇಲೆ ಇಬ್ಬರು ಓಡಾಡಿ ಹಣ ಪಡೆಯಲಿ. ಒಳದಾರಿ, ಹೊರದಾರಿ ಬೇರೆಯಿರಲಿ.

ಮಣ್ಣು ಹಾಕಿಸುವ ಮೊದಲು ಎರಡು ಭಾನುವಾರ ಊರಿನ ಎರಡೂ ತುದಿಯಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಬೆಳಿಗ್ಗೆ 5ರಿಂದ 11ರವರೆಗೆ ಒಳಬಂದ, ಹೊರಹೋದ ಕಾರುಗಳನ್ನು ಕಾಲು ಗಂಟೆಗೊಮ್ಮೆ ಬರೆಸಿ. ಒಳಬಂದವರ ಒಟ್ಟು ಲೆಕ್ಕದಲ್ಲಿ ಹೋದವರನ್ನು ಕಳೆದರೆ ಆ ಹೊತ್ತಿಗೆ ನಿಂತಿರುವ ಕಾರುಗಳೆಷ್ಟು ಎಂದು ತಿಳಿಯುತ್ತದೆ. ನಿಲ್ಲದೆ ನೇರ ಬೆಟ್ಟಕ್ಕೆ ಹೋಗುವವರೇ ಹೆಚ್ಚಿದ್ದರೆ ಈ ಎಕರೆಯಿಂದ ಊರಿಗೆ ಉಪಯೋಗವಿಲ್ಲ.

ಪ್ರಶ್ನೆ: ಮನೆಯಲ್ಲಿ ನಾವು ನಾಲ್ಕು ಜನ. ಹೋಂಸ್ಟೇ ಶುರುಮಾಡಿದ ಮೇಲೆ ಎಂಟು ಅತಿಥಿಗಳು ಬಂದುಹೋದ ಮಾರನೇ ದಿನ ಇಂಗುಗುಂಡಿ ಉಕ್ಕುತ್ತದೆ. ಗುಂಡಿ ದೊಡ್ಡದು ಮಾಡಿಸಬೇಕೇ?

ಉತ್ತರ: ತೊಂದರೆ ಗುಂಡಿಗೆ ಬರುವ ಮೊದಲು ಕೊಳೆನೀರು ನಿಂತು ತಿಳಿಯಾಗುವ ಸೆಪ್ಟಿಕ್ ಟ್ಯಾಂಕಿನದು. ತಲೆಗೆ 135 ಲೀಟರಿನಂತೆ 12 ಜನರಿಗೆ ದಿನಕ್ಕೆ 1,620 ಲೀಟರ್. 1,500 ಲೀಟರಿನ ಟ್ಯಾಂಕಿನಲ್ಲಿ ಮೂರನೇ ಒಂದು ಭಾಗ ಕೆಸರೇ ಇದ್ದರೆ ನೀರು ನಿಲ್ಲುವುದು 15 ಗಂಟೆಯಷ್ಟೇ. ಕನಿಷ್ಠ 24 ಗಂಟೆಯಾದರೂ ನಿಲ್ಲಬೇಕು. ಕೆಳಗೆ ಕೂರದ ಕೊಳೆ ನೀರಿನೊಂದಿಗೆ ಗುಂಡಿಗೆ ಹೋಗಿ ಮಣ್ಣಿನ ಸಂದು ಮುಚ್ಚುತ್ತದೆ. ಗುಂಡಿ ಎಷ್ಟು ಹಿಗ್ಗಿಸಿದರೂ ಕೊನೆಗೆ ಅದೇ ಗತಿ.

ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ. ಕಪ್ಪು ಕಲೆ ಎಲ್ಲಿಯವರೆಗಿದೆಯೋ ಅದೇ ಕೆಸರಿನ ಮಟ್ಟ. ಮೂರನೇ ಒಂದು ಭಾಗ ದಾಟಿದ್ದರೆ ಸಕ್ಕಿಂಗ್ ಗಾಡಿ ಕರೆಸಿ. ಒಳಗೆ ಯಾರನ್ನೂ ಇಳಿಸಬೇಡಿ: ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧವೂ ಹೌದು. ಆಮೇಲೆ ಎರಡು ದಿನದ ನೀರು ಹಿಡಿಯುವ ಟ್ಯಾಂಕ್ ಕಟ್ಟಿಸಿ, ಇಂಗುಗುಂಡಿಯನ್ನು ಹೊಸ ಜಾಗದಲ್ಲಿ ತೋಡಿಸಿ. ಬೋರ್‌ವೆಲ್‌ನಿಂದ 60 ಅಡಿಯಾದರೂ ದೂರವಿರಲಿ. ನಿಮ್ಮ ಕಡೆಯ ಗ್ರಾನೈಟಿನ ಬಿರುಕಿನಲ್ಲಿ ಕೊಳೆನೀರು ಸೋಸದೆಯೇ ಹರಿದುಹೋಗುತ್ತದೆ. ಚಾವಣಿಯ ಮಳೆನೀರನ್ನು ಇದಕ್ಕೆ ಸೇರಿಸಲೇಬೇಡಿ.