ಕಾರವಾರದ ಕಡಲು ಬೇಸಿಗೆಯಲ್ಲಿ ಹೀರಿದ ಬಿಸಿ ಎಲ್ಲಿಗೆ ಹೋಗುತ್ತದೆ?

ಹೆಚ್ಚಿನ ಪಾಲು ನೀರಾವಿಯೊಳಗೆ ಸೇರಿ ಗಾಳಿಯ ಜೊತೆ ಹೊರಡುತ್ತದೆ. ಉಳಿದದ್ದರಲ್ಲಿ ಒಂದಿಷ್ಟನ್ನು ಸಮುದ್ರದ ನೀರೇ ಹೊತ್ತೊಯ್ಯುತ್ತದೆ.

ನೀರು ಆವಿಯಾಗಲು ತುಂಬಾ ಶಾಖ ಬೇಕು. 1 ಲೀಟರ್ ಕಡಲ ನೀರು ಆವಿಯಾಗಲು ತೆಗೆದುಕೊಳ್ಳುವ ಶಾಖದಲ್ಲಿ, 28 ಡಿಗ್ರಿಯ ಸುಮಾರು 8 ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಬಹುದು! ಆ ಶಾಖ ಕಡಲಿನಿಂದಲೇ ಬರಬೇಕು ಅಲ್ವಾ? ಹಾಗಾಗಿ ಮಳೆಗಾಲದ ಜೋರು ಗಾಳಿಗೆ ಅರಬ್ಬಿ ಸಮುದ್ರದ ಮೇಲ್ಪದರ ತಣ್ಣಗಾಗುತ್ತದೆ. ಅಲೆಗಳು ಕೆಳಗಿನ ತಣ್ಣೀರನ್ನು ಕಲಕುವುದೂ ಇದಕ್ಕೆ ಕಾರಣ.

ಈ ಆವಿ ದೇವಿಮನೆ ಘಟ್ಟದಂಥ ಕಡೆ ಮೇಲೇರಿ ಮೋಡವಾಗುತ್ತದೆ. ಆವಿ ಹನಿಯಾಗುವ ಕ್ಷಣದಲ್ಲೇ ಅಡಗಿದ್ದ ಶಾಖ ಸುತ್ತಲ ಗಾಳಿಗೆ ಸೇರುತ್ತದೆ. ಶಿರಸಿಯಲ್ಲಿ ಕೊಡೆ ಹಿಡಿದು ನಿಂತವರಿಗೆ ಮಾತ್ರ ಚಳಿಯೇ ಗೊತ್ತಾಗುತ್ತದೆ, ಯಾಕೆಂದರೆ ಬಿಸಿಯಾಗುವುದು ಮೋಡದ ಎತ್ತರದಲ್ಲಿರುವ ಗಾಳಿ. ಭಾರತದ ಮೇಲೆಲ್ಲ ಹೀಗೆ ಬಿಸಿಯಾದ ಗಾಳಿಯಲ್ಲಿ ಬಹಳಷ್ಟು ಆಕಾಶದ ಎತ್ತರದಲ್ಲೇ ಭೂಮಧ್ಯರೇಖೆ ದಾಟುತ್ತದೆ, ಆಗ ಚಳಿಗಾಲದಲ್ಲಿರುವ ದಕ್ಷಿಣಾರ್ಧಗೋಳದ ಕಡೆಗೆ.

ಸಮುದ್ರದ ದಾರಿಯೂ ಅದೇ ದಿಕ್ಕಿಗೆ. ಉತ್ತರದಲ್ಲಿ ಏಷ್ಯಾದ ನೆಲ ಅಡ್ಡ ಇದೆ. ಜೊತೆಗೆ ಭೂಮಿ ತಿರುಗುವುದರಿಂದ, ನೈಋತ್ಯದಿಂದ ಬೀಸುವ ಗಾಳಿ ಮೇಲ್ಪದರದ ಬಿಸಿನೀರನ್ನು ತನ್ನ ಬಲಕ್ಕೆ, ಅಂದರೆ ಒಟ್ಟಾರೆ ದಕ್ಷಿಣಕ್ಕೆ ತಳ್ಳುತ್ತದೆ.