ಮಾತು ತಡವಾದ ಮಗುವಿಗೆ ತಾನೇ ಊಟ ಮಾಡೋದನ್ನ ಹೇಗೆ ಕಲಿಸೋದು?

ಮಗನಿಗೆ ಎರಡೂಮುಕ್ಕಾಲು ವರ್ಷ, ಆಡೋದು ಹತ್ತು ಪದ, ಅಜ್ಜಿ ಮೊಬೈಲ್ ತೋರಿಸಿ ತಿನ್ನಿಸಿದರೆ ಮಾತ್ರ ಊಟ, ತಾನೇ ತಿನ್ನಲು ಬಿಟ್ಟರೆ ತಟ್ಟೆ ತಳ್ತಾನೆ, ಮಾತು ಬಂದಮೇಲೆ ಕಲಿಸಿದರಾಯ್ತಾ ಅಂತ ಕೇಳಿದ್ದೀರಿ. ಕಾಯಬೇಡಿ. ತುತ್ತು ಎತ್ತೋಕೆ ಮಾತು ಬೇಕಿಲ್ಲ. ಇನ್ನೊಂದು, ಕೇಳುವ ಮೊದಲೇ ತುತ್ತು ಬಾಯಿಗೆ ಬರುತ್ತಿದ್ದರೆ ಅವನಿಗೆ ಏನನ್ನೂ ಕೇಳುವ ಪ್ರಮೇಯವೇ ಬರೋದಿಲ್ಲ.

ಮೊದಲು ಹಸಿವು ನೋಡಿ. ಈ ವಯಸ್ಸಿಗೆ ದಿನಕ್ಕೆ 400–500 ಮಿ.ಲೀ. ಹಾಲು ಧಾರಾಳ. ಊಟಕ್ಕೂ ತಿಂಡಿಗೂ ನಡುವೆ ಎರಡೂವರೆ ಗಂಟೆಯಾದರೂ ನೀರು ಬಿಟ್ಟು ಬೇರೇನೂ ಬೇಡ, ಒಂದೇ ಒಂದು ಬಿಸ್ಕತ್ತೂ ಬೇಡ. ಕುರ್ಚಿಯಲ್ಲಿ ಕಾಲು ಜೋತಾಡುತ್ತಿದ್ದರೆ ಪಾದದಡಿ ಮಣೆ ಇಡಿ. ಕಾಲಿಗೆ ಆಸರೆ ಇಲ್ಲದಿದ್ದರೆ ಬೀಳದಂತೆ ಕೂರೋದೇ ಅವನಿಗೆ ದೊಡ್ಡ ಕೆಲಸ. ತಟ್ಟೆ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರೋದಿಲ್ಲ.

ಬಹಳ ಮನೆಗಳಲ್ಲಿ ಕೆಡೋದು ಸಾರನ್ನದಿಂದ. ಈ ವಯಸ್ಸಿನ ಮಕ್ಕಳ ಮಣಿಕಟ್ಟು ಇನ್ನೂ ಪಳಗಿರೋದಿಲ್ಲ, ಬಾಯಿ ಹತ್ತಿರ ಬರುವಷ್ಟರಲ್ಲಿ ಚಮಚ ಓರೆಯಾಗಿ ಎಲ್ಲಾ ಚೆಲ್ಲುತ್ತೆ. ನಾಲ್ಕು ಸಲ ಬರೀ ಚಮಚ ಬಾಯಿಗೆ ಹೋದರೆ ಯಾರಿಗಾದರೂ ಸಿಟ್ಟು ಬರುತ್ತೆ. ಶುರುವಿಗೆ ಕೈಯಲ್ಲೇ ತಿನ್ನಲಿ: ಬೆರಳುದ್ದ ಕತ್ತರಿಸಿದ ಇಡ್ಲಿ, ಮೆತ್ತಗಿನ ದೋಸೆ, ಮೆತ್ತಗೆ ಬೇಯಿಸಿದ ಕ್ಯಾರೆಟ್. ಚಮಚಕ್ಕೆ ಗಟ್ಟಿ ಮೊಸರನ್ನ ಅಥವಾ ಪೊಂಗಲ್, ಓರೆ ಮಾಡಿದರೂ ಅಂಟಿಕೊಂಡಿರುವಂಥದ್ದು. ಗಿಡ್ಡ ಹಿಡಿಯ ಚಮಚ, ಅಂಚು ನೆಟ್ಟಗಿರುವ ಬಟ್ಟಲು ತಗೊಳ್ಳಿ. ಹಿಡಿ ತೆಳ್ಳಗಿದ್ದರೆ ಬಟ್ಟೆ ಸುತ್ತಿದರೂ ಸಾಕು.

ಚಮಚ ಕಲಿಸೋದು ಕೊನೆಯಿಂದ. ಅವನ ಹಿಂದೆ ಕೂತು ಕೈಮೇಲೆ ಕೈಯಿಟ್ಟು ತುಂಬಿಸಿ, ಎತ್ತಿ, ಬಾಯಿಗೆ ಒಂದಿಂಚು ಇರುವಾಗ ಕೈ ಬಿಡಿ. ಆ ಒಂದಿಂಚು ಅವನದು. ಅದು ಸಲೀಸಾದ ಮೇಲೆ ಅರ್ಧ ದಾರಿಯಲ್ಲಿ ಬಿಡಿ. ಬಟ್ಟಲಿಂದ ತುಂಬಿಸಿಕೊಳ್ಳೋದು ಎಲ್ಲಕ್ಕಿಂತ ಕಷ್ಟ, ಅದು ಕಡೆಗೆ. ಎದುರಿಗೆ ಕೂತು ಕೈ ಹಿಡಿದರೆ ಮತ್ತೆ ತಿನ್ನಿಸಿದ ಹಾಗೇ ಆಗುತ್ತೆ. ಹಸಿವು ಜೋರಾಗಿರುವ ಮೊದಲ ಐದು ತುತ್ತು ಮಾತ್ರ ಅವನದು, ಉಳಿದದ್ದು ಅಜ್ಜಿಯದು ಅಂತ ಶುರುಮಾಡಿ, ಅಜ್ಜಿಗೂ ಸಮಾಧಾನ. ಒಟ್ಟು ಊಟ ಅರ್ಧ ಗಂಟೆ ಮೀರದಿರಲಿ.

ಇನ್ನು ಮಾತು. ತಟ್ಟೆಗೆ ಎರಡೇ ತುಂಡು ಹಾಕಿ, ಮಿಕ್ಕಿದ್ದು ಕಾಣುವ ಹಾಗೆ ನಿಮ್ಮ ಕೈಲಿರಲಿ. ಖಾಲಿಯಾದಾಗ ಅವನ ಮುಖ ನೋಡುತ್ತಾ ಮನಸ್ಸಲ್ಲೇ ಹತ್ತು ಎಣಿಸಿ. ಈ ಸುಮ್ಮನಿರೋದು ದೊಡ್ಡವರಿಗೇ ಕಷ್ಟ. ಕೈ ಚಾಚಿದರೂ, ‘ಉಂ’ ಅಂದರೂ ಕೇಳಿದ ಹಾಗೇ ಲೆಕ್ಕ: ‘ಇಡ್ಲಿ ಬೇಕು’ ಅಂತ ಅವನ ಪರವಾಗಿ ಹೇಳಿ ತಕ್ಷಣ ಕೊಡಿ. ‘ಇಡ್ಲಿ ಅನ್ನು, ಆಮೇಲೆ ಕೊಡ್ತೀನಿ’ ಅನ್ನೋ ಪಂದ್ಯ ಮಾತ್ರ ಬೇಡವೇ ಬೇಡ; ಊಟದ ಮೇಲೂ ಮಾತಿನ ಮೇಲೂ ಒಟ್ಟಿಗೆ ಜಿಗುಪ್ಸೆ ಬರುತ್ತೆ.

ತಟ್ಟೆ ತಳ್ಳೋದು ಅಂದರೆ ‘ಸಾಕು’ ಅನ್ನೋದೇ. ಅವನಿಗೆ ಬೇರೆ ದಾರಿ ಗೊತ್ತಿಲ್ಲ. ಮುಖ ತಿರುಗಿಸಿದ ಕೂಡಲೇ, ತಳ್ಳುವ ಮೊದಲೇ, ಅಂಗೈ ಅಡ್ಡಡ್ಡ ಆಡಿಸಿ ‘ಸಾಕು’ ಅಂದು ತೋರಿಸಿ, ಅವನ ಕೈಯಿಂದಲೂ ಹಾಗೇ ಮಾಡಿಸಿ, ತಟ್ಟೆ ತೆಗೆದುಬಿಡಿ. ‘ಇನ್ನೊಂದೇ ತುತ್ತು ಕಂದ’ ಅಂದರೆ ಕಲಿಸಿದ್ದೆಲ್ಲ ನೀರುಪಾಲು.

ಮೊಬೈಲನ್ನ ಒಂದು ಹೊತ್ತಿಗೆ ಮೊದಲು ನಿಲ್ಲಿಸಿ, ಗಡಿಬಿಡಿ ಕಡಿಮೆ ಇರುವ ಹೊತ್ತು. ಕೆಲವು ದಿನ ಊಟ ಕಮ್ಮಿಯಾಗುತ್ತೆ, ಗಾಬರಿ ಬೇಡ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ; ದ್ರಾಕ್ಷಿಯನ್ನ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಓಡಾಡುತ್ತಾ ತಿನ್ನೋದೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಇದರ ಜೊತೆಗೇ ಕಿವಿ ಪರೀಕ್ಷೆ ಮಾಡಿಸಿ, ಟಿವಿ ಸದ್ದಿಗೆ ತಿರುಗುತ್ತಾನೆ ಅನ್ನೋದು ಸಾಲದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನೀರು ಕುಡಿದಾಗೆಲ್ಲ ಕೆಮ್ಮುತ್ತಿದ್ದರೆ, ಅರೆದದ್ದು ಬಿಟ್ಟು ಬೇರೇನೂ ನುಂಗದಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಬರುತ್ತಿದ್ದ ಪದಗಳೇ ನಿಂತುಹೋಗಿದ್ದರೆ ಇದನ್ನೆಲ್ಲ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ಈ ವಾರವೇ ತೋರಿಸಿ.